ಅಕ್ಕಿಕಾಳಷ್ಟು ಬಿಳಿ

"ಇದು ನಮ್ ಉಂಜ ಅಲ್ಲ ಕಣಕ್ಕ."

ಅಷ್ಟು ಹೇಳಿ ಅಂಜನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಬ್‌ಇನ್‌ಸ್ಪೆಕ್ಟರ್ ರಾಮಾಂಜಿನಪ್ಪನವರ ಮೇಜಿನ ಮೇಲೆ, ತಂತಿ ಪಂಜರದೊಳಗೆ ನಿಂತಿದ್ದ ಕೆಂಪು ಹುಂಜ ಕತ್ತು ಕೊಂಕಿಸಿ ಒಬ್ಬೊಬ್ಬರನ್ನೇ ನೋಡಿತು. ಆಮೇಲೆ ಠಾಣೆಯ ಹೆಂಚು ಹಾರಿಹೋಗುವ ಹಾಗೆ ಕೂಗಿತು.

"ಬೆಳಗಿಂದ ಇದೇ ಕಥೆ ಮೇಡಂ," ರಾಮಾಂಜಿನಪ್ಪ ಹಣೆ ಒತ್ತಿಕೊಂಡರು. "ನಮ್ಮ ರೈಟರ್‌ಗೆ ಒಂದು ಲೈನ್ ಬರೆಯೋಕೆ ಬಿಡ್ತಿಲ್ಲ. ಸಾಕ್ಷಿ ಅಂತ ಇಟ್ಕೊಳ್ಳೋದೋ, ಸಾರು ಮಾಡೋದೋ, ಒಂದೂ ಗೊತ್ತಾಗ್ತಿಲ್ಲ."

ಭಾನುಮತಿ ನಗಲಿಲ್ಲ. ಗಡಿಯಾರ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಡಯಲ್ ತಪಾಸಣೆ ಮಾಡಿ, ಕೆಲಸ ಬಿಟ್ಟ ಮೇಲೆ ಊರವರ ಕಳವು ಮೋಸಗಳ ತಪಾಸಣೆಗೆ ನಿಂತ ಹೆಂಗಸು ಆಕೆ. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಕಾರ್ಖಾನೆಯ ಕಾಲದ ಹಳೇ ಭೂತಗನ್ನಡಿ ಈಗಲೂ ನೇತಾಡುತ್ತಿತ್ತು. ಅದನ್ನು ಕಣ್ಣಿಗೆ ಏರಿಸಿ ಪಂಜರದ ಮೇಲೆ ಬಗ್ಗಿದಳು.

ನಿನ್ನೆ ಶನಿವಾರ ಕೋಳಿ ಸಾಕುವವರ ಸಂಘ ಗೋದಾಮಿನಲ್ಲಿ ನಡೆಸಿದ ಪ್ರದರ್ಶನದಲ್ಲಿ ತೀರ್ಪುಗಾರ ವೆಂಕಟಸುಬ್ಬಯ್ಯನವರು ಒದ್ದೆ ಹತ್ತಿಯಲ್ಲಿ ಈ ಹುಂಜವನ್ನು ಒರೆಸಿದಾಗ ಹತ್ತಿ ಕೆಂಪಾಗಿತ್ತು. ಇಂದು ನಸುಕಿನಲ್ಲಿ ಈ ಹುಂಜವಿದ್ದ ಹದಿನೇಳನೇ ಪಂಜರದ ಮುಂದೆ ಅವರೇ ತಲೆಯೊಡೆದು ಬಿದ್ದಿದ್ದರು. ಹುಂಜದ ಒಡೆಯ, ಅಂಜನಮ್ಮನ ಗಂಡ, ಪಟ್ಟಂದೂರು ಅಗ್ರಹಾರದ ದೊಡ್ಡಮುನಿಯಪ್ಪ ಈಗ ಲಾಕಪ್ಪಿನಲ್ಲಿದ್ದ.

"ನಾಳೆ ಬೆಳಗ್ಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ತೀನಿ," ಎಂದರು ರಾಮಾಂಜಿನಪ್ಪ. "ನೀವು ಏನು ಹುಡುಕೋದಿದ್ರೂ ಇವತ್ತೇ ಹುಡುಕಿ. ನಿನ್ನೆ ನೂರು ಜನರ ಎದುರು 'ನಿನ್ ಕೈ ಮುರೀತೀನಿ' ಅಂತ ಜಡ್ಜ್ ಮೇಲೆ ಏರಿ ಹೋಗಿದ್ದಾನೆ. ಇನ್ನೇನು ಬೇಕು?"

"ಅವನೇನಂತಾನೆ?"

"ಅದೇ ನನ್ನ ತಲೆನೋವು. ಹೊಡೆದೆ ಅನ್ನಲ್ಲ, ಹೊಡೀಲಿಲ್ಲ ಅನ್ನಲ್ಲ. ಬಾಯಿಗೆ ಬೀಗ ಜಡ್ಕೊಂಡು ಕೂತವ್ನೆ."

ಮೇಜಿನ ಇನ್ನೊಂದು ತುದಿಯಲ್ಲಿ ಒಂದು ಹಿತ್ತಾಳೆ ಚೊಂಬು ಇತ್ತು. ಒಂದು ಪಕ್ಕ ಜಜ್ಜಿಹೋಗಿತ್ತು.

"ಇದು ಜಡ್ಜ್ ಪಕ್ಕದಲ್ಲಿ ಉರುಳಿತ್ತು. ಏಟು ಎರಡು ಬಿದ್ದಿವೆ ಅಂತಾರೆ ಡಾಕ್ಟ್ರು. ತಲೆ ಹಿಂದುಗಡೆ ಒಂದು, ಬಲಗಿವಿ ಮೇಲೊಂದು. ಕಿವಿ ಮೇಲಿನದ್ದು ಈ ಚೊಂಬಿಂದೇ. ಇನ್ನೂ ಪ್ರಜ್ಞೆ ಬಂದಿಲ್ಲ. ಚೊಂಬು ಯಾರ್ದು ಅಂತ ಎಲ್ಲರನ್ನೂ ಕೇಳಾಯ್ತು, ನಂದು ಅನ್ನೋರಿಲ್ಲ."

ಅಂಜನಮ್ಮ ಚೊಂಬಿನ ಕಡೆ ತಿರುಗಲಿಲ್ಲ. ಹುಂಜವನ್ನೇ ನೋಡುತ್ತಿದ್ದಳು.

"ನಿಮ್ಮ ಹುಂಜಕ್ಕೆ ಗುರುತು ಏನಿತ್ತು, ಅಂಜನಮ್ಮ?" ಭಾನುಮತಿ ಕೇಳಿದಳು.

"ಎಡಗಡೆ ರೆಕ್ಕೇಲಿ, ತುದಿಯಿಂದ ಮೂರ್ನೇ ಗರಿ. ಅಕ್ಕಿಕಾಳಷ್ಟು ಬಿಳಿ ಇತ್ತಕ್ಕ. ರೆಕ್ಕೆ ಮುಚ್ಚಿದ್ರೆ ಯಾರ್ಗೂ ಕಾಣಾಕಿಲ್ಲ, ಬಿಚ್ಚಿದ್ರೇ ಕಾಣಾದು. ಸುಕ್ರವಾರ ಸಂಜೆ ಪಂಜರಕ್ಕೆ ಬಿಡೋವಾಗ್ಲೂ ಇತ್ತು."

ಭಾನುಮತಿ ಪ್ರದರ್ಶನದ ಬಾಗಿಲಲ್ಲೇ ಎರಡು ರೂಪಾಯಿ ಕೊಟ್ಟು ಸಂಘದ ಕೈಪಿಡಿ ಕೊಂಡು, ಮಧ್ಯಾಹ್ನ ಊಟಕ್ಕೆ ಮುಂಚೆ ಪೂರ್ತಿ ಓದಿ ಮುಗಿಸಿದ್ದಳು. ರೋಡ್ ಐಲೆಂಡ್ ರೆಡ್ ತಳಿಯ ಹುಂಜ ಅಂದರೆ ಹಳೇ ಬೀಟೆಮರದ ಹಾಗೆ ಕಡುಗೆಂಪು ಇರಬೇಕಂತೆ. ಬಾಲ ಕಪ್ಪಗಿದ್ದು ಬಿಸಿಲಿಗೆ ಹಸಿರು ಹೊಳೆಯಬೇಕಂತೆ. ಪುಕ್ಕ ಸರಿಸಿ ನೋಡಿದರೆ ಬುಡದ ತುಪ್ಪಳವೂ ಕೆಂಪೇ ಇರಬೇಕು, ಬೂದಿ ಬಣ್ಣ ಕಂಡರೆ ಅಂಕ ಹೋಯಿತು. ಬಿಳಿ ಚುಕ್ಕೆಗೂ ಅಂಕ ಹೋಗುತ್ತದೆ. ಬಣ್ಣ ಹಚ್ಚಿದರಂತೂ ಹುಂಜದ ಜೊತೆಗೆ ಒಡೆಯನ ಮಾನವೂ ಹೋಗುತ್ತದೆ. ಕಾರ್ಖಾನೆಯಲ್ಲಿ ಡಯಲ್ಲಿಗೂ ಇಷ್ಟೊಂದು ಕಟ್ಟುಪಾಡು ಇರಲಿಲ್ಲವಲ್ಲಪ್ಪ ಎಂದುಕೊಂಡಿದ್ದಳು.

"ಸ್ವಲ್ಪ ಸ್ಪಿರಿಟ್ ಕೊಡಿಸಿ."

ಪ್ರಥಮ ಚಿಕಿತ್ಸೆಯ ಡಬ್ಬಿ ಬಂತು. ಅಂಜನಮ್ಮ ಹುಂಜವನ್ನು ಹಿಡಿದು ಎಡ ರೆಕ್ಕೆ ಬಿಚ್ಚಿದಳು. ಭಾನುಮತಿ ಮೂರನೇ ಗರಿಯನ್ನು ತುದಿಯಿಂದ ಬುಡದವರೆಗೆ ತಿಕ್ಕಿದಳು. ಹತ್ತಿಗೆ ಕೆಂಪು ಹತ್ತಿತು. ಕೆಳಗಿನಿಂದ ಪೇಲವ ಇಟ್ಟಿಗೆ ಬಣ್ಣ ಎದ್ದು ಬಂತು. ಬಿಳಿ ಮಾತ್ರ ಎಲ್ಲೂ ಇಲ್ಲ.

"ನೋಡಿ ಸಾರ್. ಬಿಳಿ ಮೇಲೆ ಬಣ್ಣ ಬಳಿದಿದ್ರೆ, ಬಣ್ಣ ಹೋದ ಮೇಲೆ ಬಿಳಿ ಕಾಣಬೇಕು ತಾನೇ? ಕಿತ್ತು ಹಾಕಿದ್ರೆ ಅಲ್ಲಿ ಗರಿನೇ ಇರಬಾರದು. ಹೊಸ ಗರಿ ಪೂರ್ತಿ ಬರೋಕೆ ತಿಂಗಳ ಮೇಲೆ ಬೇಕು. ಇದು ಬೇರೆ ಹುಂಜ."

"ಸರಿ, ಬೇರೆನೇ ಅನ್ನಿ. ಹುಂಜ ಬದಲಾದ್ರೆ ಹೊಡೆದೋನು ಬದಲಾಗ್ತಾನಾ?"

"ಹದಿನೇಳನೇ ಪಂಜರದ ಹತ್ರ ತೀರ್ಪುಗಾರರು ಅಷ್ಟು ಬೆಳಗ್ಗೆ ಯಾಕೆ ಹೋದರು? ಅವರಿಗೂ ಅನುಮಾನ ಬಂದಿರಬೇಕು. ಹುಂಜ ಬದಲಾಯಿಸಿದೋನಿಗೆ ಅವರ ಬಾಯಿ ಮುಚ್ಚಿಸೋ ಅಗತ್ಯ ಇತ್ತು. ಮುನಿಯಪ್ಪನಿಗೆ ಏನಿತ್ತು, ಬರೀ ಕೋಪ."

ಭಾನುಮತಿ ಹುಂಜದ ಕಾಲಿನಲ್ಲಿದ್ದ ಹಳದಿ ಪ್ಲಾಸ್ಟಿಕ್ ಬಳೆಯನ್ನು ಬೆರಳಲ್ಲಿ ತಿರುಗಿಸಿದಳು. ಹದಿನೇಳು ಎಂದು ಅಚ್ಚಾಗಿತ್ತು. ಸುರುಳಿ ಬಳೆ, ಒಂದು ಸುತ್ತು ಬಿಚ್ಚಿದರೆ ಕಳಚಿ ಬರುತ್ತದೆ.

"ಈ ಬಳೆ ಹಾಕೋರು ಯಾರು?"

"ಸಂಘದ ಸೆಕ್ರೆಟ್ರಿ. ಪಟ್ಟಾಭಿರಾಮ ಅಂತ."

"ರಾತ್ರಿ ಗೋದಾಮಿನ ಬೀಗದ ಕೈ ಯಾರ ಹತ್ರ ಇರುತ್ತೆ?"

"ಅವರ ಹತ್ರನೇ," ಎಂದ ರಾಮಾಂಜಿನಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಮೇಡಂ, ಅವರು ದೊಡ್ಡ ಮನುಷ್ಯರು. ಸುಮ್ನೆ ಹೋಗಿ ಏನಾದ್ರೂ ಅಂದ್ಬಿಡ್ಬೇಡಿ."

"ಬೇಲಿ ಎದ್ದು ಹೊಲ ಮೇಯೋದು ದೊಡ್ಡ ಮನುಷ್ಯರ ಹೊಲದಲ್ಲೇ ಸಾರ್," ಎಂದು ಭಾನುಮತಿ ಕೈಚೀಲ ಎತ್ತಿಕೊಂಡಳು.

ಲಾಕಪ್ಪಿನ ಮುಂದೆ ಹಾದು ಹೋಗುವಾಗ ಅಂಜನಮ್ಮ ನಿಂತಳು. ಕಂಬಿಯ ಹಿಂದೆ ಮೊಣಕಾಲು ತಬ್ಬಿ ಕೂತಿದ್ದ ದೊಡ್ಡಮುನಿಯಪ್ಪ ತಲೆ ಎತ್ತಿ ಹೆಂಡತಿಯನ್ನು ನೋಡಿದ, ಬೇಡ ಎನ್ನುವ ಹಾಗೆ ತಲೆಯಾಡಿಸಿದ. ಏನು ಬೇಡ ಎಂದು ಭಾನುಮತಿಗೆ ಆಗ ಅರ್ಥವಾಗಲಿಲ್ಲ. ಗಂಡಸರಿಗೆ ಹೆಂಗಸರು ಠಾಣೆಗೆ ಬರುವುದು ಹಿಡಿಸುವುದಿಲ್ಲ, ಅಷ್ಟೇ ಅಂದುಕೊಂಡಳು.

"ನನ್ನ ಹತ್ರ ಏನೂ ಮುಚ್ಚಿಡಬಾರದು ಅಂಜನಮ್ಮ. ಮುಚ್ಚಿಟ್ಟರೆ ನಿನ್ನ ಗಂಡನ್ನ ಬಿಡಿಸೋಕೆ ನನ್ನ ಕೈಲಾಗಲ್ಲ," ಎಂದಳು ತನ್ನ ಲೂನಾ ಮೊಪೆಡ್ ತುಳಿಯುತ್ತ.

ಹಿಂದೆ ಕೂತ ಅಂಜನಮ್ಮ "ಊಂ ಕಣಕ್ಕ" ಎಂದಳು. ಆ ಊಂ ಗಾಳಿಗೆ ಸರಿಯಾಗಿ ಕೇಳಿಸಲಿಲ್ಲ.

*

ವೈಟ್‌ಫೀಲ್ಡಿನ ಹಳೇ ಹೆಂಚಿನ ಬಂಗಲೆ. ಹಿತ್ತಲಿನ ಸಪೋಟ ಮರಗಳ ನೆರಳಲ್ಲಿ ಸಾಲಾಗಿ ಗೂಡುಗಳು. ಗುಡಿಸಿದ ನೆಲ, ತೊಳೆದ ನೀರಿನ ಬಟ್ಟಲು, ಪ್ರತಿ ಗೂಡಿಗೂ ಬಣ್ಣದಲ್ಲಿ ಬರೆದ ಹಲಗೆ. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಪಟ್ಟಾಭಿರಾಮ ಇಸ್ತ್ರಿ ಮಾಡಿದ ಅಂಗಿಯಲ್ಲೇ ಕೋಳಿಗೆ ಕಾಳು ಹಾಕುತ್ತಿದ್ದರು.

"ಬನ್ನಿ ಭಾನುಮತಿಯವರೇ. ಕಾಫಿ ತಗೋತೀರಾ?"

"ಹುಂಜ ತಗೊಂಡು ಹೋಗೋಣ ಅಂತ ಬಂದೆ."

ಅವರ ಕೈಯಿಂದ ನಾಲ್ಕು ಕಾಳು ಹೆಚ್ಚಾಗಿ ಉದುರಿದವು. ಆಮೇಲೆ ನಕ್ಕರು. "ಈ ಮುನಿಯಪ್ಪ ನಿನ್ನೆ ಊರಿಗೆಲ್ಲ ಅದೇ ಹೇಳ್ತಿದ್ದ. ಬಣ್ಣ ಹಚ್ಚಿ ಸಿಕ್ಕಿಬಿದ್ದೋರೆಲ್ಲ ಹೇಳೋದೇ ಅದು, ನಂದಲ್ಲ, ನಂದಲ್ಲ ಅಂತ. ನನ್ನ ಹತ್ರ ಆರು ಕೆಂಪು ಹುಂಜ ಇವೆ. ಅವನದ್ದು ಅಂತ ಗುರುತು ಇದ್ದರೆ ತೋರಿಸಿ, ಈಗಲೇ ಕೊಟ್ಟುಬಿಡ್ತೀನಿ."

ಗುರುತು ಇಲ್ಲ ಎಂದು ಗೊತ್ತಿದ್ದವನು ಮಾತ್ರ ಅಷ್ಟು ಧಾರಾಳವಾಗಿ ಮಾತಾಡುತ್ತಾನೆ.

ಅಂಜನಮ್ಮ ಒಂದೊಂದೇ ಗೂಡಿನ ಮುಂದೆ ಕೂತು ಹುಂಜಗಳ ಎಡ ರೆಕ್ಕೆ ಬಿಚ್ಚಿದಳು. ಮೊದಲನೆಯದರಲ್ಲಿ ಬಿಳಿ ಇಲ್ಲ. ಎರಡು, ಮೂರು, ನಾಲ್ಕರಲ್ಲೂ ಇಲ್ಲ. ಐದನೇ ಗೂಡಿನ ಬಾಗಿಲು ತೆಗೆಯುತ್ತಲೇ ಒಳಗಿದ್ದ ಹುಂಜ ಕೊರಳಲ್ಲೇ ಸಣ್ಣಗೆ ಕೊಕ್ಕೊಕ್ ಎನ್ನುತ್ತ ಬಂದು ಅವಳ ಮಡಿಲಲ್ಲಿ ಕೂತಿತು. ಅವಳ ಕಣ್ಣು ತುಂಬಿ ಬಂತು.

"ಕಾಳು ಹಿಡಿದೋರ ಹತ್ರ ಕೋಳಿ ಬರುತ್ತೆ. ಅದು ಗುರುತಲ್ಲ," ಎಂದರು ಪಟ್ಟಾಭಿರಾಮ.

"ಅವಳ ಕೈಲಿ ಕಾಳಿಲ್ಲ," ಭಾನುಮತಿ ಬಗ್ಗಿ ಎಡ ರೆಕ್ಕೆ ಬಿಚ್ಚಿದಳು. ತುದಿಯಿಂದ ಎರಡನೇ ಗರಿ ಇತ್ತು, ನಾಲ್ಕನೆಯದು ಇತ್ತು. ನಡುವೆ ಹಲ್ಲು ಬಿದ್ದ ಹಾಗೆ ಖಾಲಿ.

"ಅದು ಪುಕ್ಕ ಉದುರಿಸೋ ಕಾಲ ಮೇಡಂ. ಹಳೇದು ಬೀಳುತ್ತೆ, ಹೊಸದು ಬರುತ್ತೆ."

ಭಾನುಮತಿ ಬಲ ರೆಕ್ಕೆ ಬಿಚ್ಚಿದಳು. ಒಂದು ಗರಿಯೂ ಕಡಿಮೆಯಿರಲಿಲ್ಲ. ಕೈಚೀಲದಿಂದ ಕೈಪಿಡಿ ತೆಗೆದು ಅವರ ಮುಂದೆ ಹಿಡಿದಳು.

"ಉದುರಿದರೆ ಎರಡೂ ರೆಕ್ಕೆಯಲ್ಲಿ ಜೋಡಿಜೋಡಿಯಾಗಿ ಉದುರುತ್ತೆ ಅಂತ ಇದರಲ್ಲಿದೆ. ಬರೆದೋರು ನೀವೇ. ಒಂದೇ ಕಡೆ ಒಂದೇ ಗರಿ ಹೋಗಿದ್ದರೆ ಯಾರೋ ಕಿತ್ತಿದ್ದಾರೆ ಅಂತ ಅರ್ಥ. ಭೂತಗನ್ನಡಿ ಕೊಡ್ತೀನಿ, ಗರಿ ಇದ್ದ ರಂಧ್ರ ನೋಡಿ. ಇನ್ನೂ ರಕ್ತ ಒಣಗಿದ ಕಲೆ ಇದೆ."

ಪಟ್ಟಾಭಿರಾಮ ಭೂತಗನ್ನಡಿ ತೆಗೆದುಕೊಳ್ಳಲಿಲ್ಲ.

"ನಿಮ್ಮ ಕೈ ನಿಮಗೇ ಮೋಸ ಮಾಡ್ತು ಸ್ವಾಮಿ," ಭಾನುಮತಿಯ ದನಿ ಗಟ್ಟಿಯಾಯಿತು. "ಸಾಧಾರಣ ಹುಂಜಕ್ಕೆ ಬಣ್ಣ ಬಳಿದು ಇವರ ಪಂಜರಕ್ಕೆ ಬಿಟ್ಟಿರಿ. ಇವರ ಹುಂಜದ ಹಾಗೇ ಕಾಣಬೇಕಿದ್ರೆ ಒಂದು ಬಿಳಿ ಚುಕ್ಕೆ ಇಡಬೇಕಿತ್ತು. ಬೇಕಂತಲೇ ಕೊರತೆ ಇಡೋಕೆ ನಿಮಗೆ ಮನಸ್ಸು ಬರಲಿಲ್ಲ. ಇವರ ಹುಂಜ ಮನೆಗೆ ತಂದ ಮೇಲೆ ಆ ಚುಕ್ಕೆ ನೋಡಿಕೊಂಡು ಇರೋಕೂ ಆಗಲಿಲ್ಲ, ಕಿತ್ತುಬಿಟ್ಟಿರಿ. ಕೋಳಿ ಕಳ್ಳನಾಗಿದ್ರೆ ಎರಡೂ ಮಾಡ್ತಿರಲಿಲ್ಲ, ಇಷ್ಟೊತ್ತಿಗೆ ಸಾರು ಮಾಡಿ ಉಂಡಿರ್ತಿದ್ದ. ಪುಕ್ಕದ ಹುಚ್ಚು ಇರೋರು ಮಾತ್ರ ಇಂಥ ತಪ್ಪು ಮಾಡೋದು."

ಭಾನುಮತಿಗೆ ಆ ಹುಚ್ಚು ಗೊತ್ತು. ಮದುವೆ ಮನೆಗೆ ಹೋದರೂ ಗೋಡೆ ಗಡಿಯಾರದ ಡಯಲ್ಲಿನ ಗೀರು ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಗೊತ್ತಿದ್ದರಿಂದಲೇ ಈಗ ಸಿಟ್ಟು ಇನ್ನೂ ಏರಿತು.

ಪಟ್ಟಾಭಿರಾಮ ಕಾಳಿನ ಮೊರ ಕೆಳಗಿಟ್ಟರು.

"ಇಪ್ಪತ್ತು ವರ್ಷ ಸಾಕಿದೀನಿ," ಎಂದರು. "ಬ್ರಿಟನ್ನಿಂದ ಮೊಟ್ಟೆ ತರಿಸಿದೀನಿ. ಮೇಲೆ ಕೆಂಪು ಬಂದರೆ ಬುಡದಲ್ಲಿ ಬೂದಿ. ಬುಡ ಸರಿಹೋದರೆ ಬಾಲಕ್ಕೆ ಹೊಳಪಿಲ್ಲ. ಅವನ ತಿಪ್ಪೆ ಮೇಲೆ ಓಡಾಡಿಕೊಂಡಿದ್ದ ಹುಂಜಕ್ಕೆ ಚರ್ಮದವರೆಗೂ ಅದೇ ಕೆಂಪು! ಅದರ ಬೆಲೆ ಅವನಿಗೇನು ಗೊತ್ತು? ನನಗೆ ಇದರ ಮರಿ ಬೇಕಿತ್ತು, ಅಷ್ಟೇ."

"ಅದಕ್ಕೆ ಒಬ್ಬರ ಮಾನ ತೆಗೆದಿರಿ. ತೀರ್ಪುಗಾರರಿಗೆ ಗೊತ್ತಾಯ್ತು ಅಂತ ತಲೆ ಒಡೆದಿರಿ."

"ಛೇ! ಅದು ಸುಳ್ಳು." ಅವರ ಮುಖ ಕೆಂಪಾಯಿತು. "ಇವತ್ತು ನಸುಕಲ್ಲೇ ಗೋದಾಮಿನ ಬಾಗಿಲು ತೆಗೆಸಿ ಅಲ್ಲಿಂದಲೇ ರೈಲ್ವೆ ಸ್ಟೇಷನ್ನಿಗೆ ಹೋದೆ. ಮದ್ರಾಸಿನಿಂದ ಬರೋ ಅತಿಥಿಗೆ ಕಾಯ್ತಾ ಸ್ಟೇಷನ್ ಮಾಸ್ಟರ್ ಜೊತೆ ಕೂತಿದ್ದೆ. ಗಾಡಿ ತಡ. ಸುದ್ದಿ ಬಂದಾಗಲೂ ಅಲ್ಲೇ ಇದ್ದೆ. ಹೋಗಿ ಕೇಳಿ."

ಸ್ಟೇಷನ್ ಮಾಸ್ಟರನ್ನು ಸಾಕ್ಷಿಗೆ ಕರೆಯುವವನು ಸುಳ್ಳು ಹೇಳುವುದು ಕಷ್ಟ.

"ಇನ್ನೊಂದು," ಪಟ್ಟಾಭಿರಾಮ ಬೆರಳೆತ್ತಿದರು. "ನಾನು ಕದ್ದೆ ಅಂತೀರಲ್ಲ. ಹದಿನೇಳನೇ ಪಂಜರದ ಬಾಗಿಲು ತೆಗೆದು, ಹುಂಜನ ಎತ್ತಿ ನನ್ನ ಮಂಕರಿಗೆ ಇಟ್ಟವರು ಯಾರು? ನಿಮ್ಮ ಜೊತೆಗೇ ಇದ್ದಾರೆ, ಕೇಳಿ."

ಭಾನುಮತಿ ತಿರುಗಿದಳು. ಅಂಜನಮ್ಮನ ತಲೆ ಹುಂಜದ ಬೆನ್ನಿನ ಮೇಲೆ ಬಾಗಿತ್ತು.

"ಅಂಜನಮ್ಮ?"

"ನಾನೇ ಕೊಟ್ಟೆ ಕಣಕ್ಕ." ಅವಳ ದನಿ ಹುಂಜದ ಪುಕ್ಕದೊಳಗಿಂದ ಬಂದ ಹಾಗಿತ್ತು. "ಓದ್ ವರ್ಸ ಆ ಬಿಳಿ ಚುಕ್ಕೆಗೇ ಬವುಮಾನ ತಪ್ಪೋಯ್ತು. ಕಿತ್ತಾಕು ಅಂತ ನಮ್ಮೋರ್ಗೆ ಕಾಲಿಗೆ ಬಿದ್ದು ಏಳ್ದೆ. 'ದ್ಯಾವ್ರು ಇಟ್ಟಿದ್ದನ್ನ ನಾನ್ಯಾಕೆ ಕೀಳ್ಲಿ' ಅಂದ್ರು. ಸುಕ್ರವಾರ ಸಂಜೆ ಅವ್ರು ಎಮ್ಮೆ ಕರಿಯಾಕೆ ಮನೆಗೆ ಓಗಿದ್ರು. ಇವ್ರು ಬಂದು, 'ಅರ್ಧ ಗಂಟೆ ಕೊಡು, ಚುಕ್ಕೆ ಕಾಣ್ದಂಗೆ ಮಾಡ್ಕೊಡ್ತೀನಿ, ಗಂಡಂಗೆ ಏಳ್ಬೇಡ' ಅಂದ್ರು. ಒಂದೇ ಒಂದ್ಸಲ ನಮ್ಮೋರು ಗೆಲ್ಲಲಿ ಅಂತ ಆಸೆ ಆಯ್ತು. ಕತ್ತಲಾದ್ಮೇಲೆ ಮಂಕರಿ ಮುಚ್ಕೊಂಡು ತಂದು, ಬಣ್ಣ ಹಸಿ ಐತೆ ಮುಟ್ಬೇಡ ಅಂತ ಇವ್ರೇ ಪಂಜರಕ್ಕೆ ಬಿಟ್ರು. ನಾನು ನೋಡ್ಲಿಲ್ಲ."

ಭಾನುಮತಿಗೆ ಮೈಯೆಲ್ಲ ಉರಿಯಿತು. ಮುಚ್ಚಿಡಬೇಡ ಎಂದು ಅಷ್ಟು ಹೇಳಿದ್ದಳಲ್ಲ! ಆದರೆ ಮುದುಡಿ ಕೂತಿದ್ದ ಆ ಹೆಂಗಸನ್ನು ನೋಡಿ ಬೈಯಲಾಗಲಿಲ್ಲ.

"ಇನ್ನೂ ಏನೋ ಇದೆ. ಪೂರ್ತಿ ಹೇಳು."

"ಇವತ್ತು ನಸುಕಲ್ಲಿ ಜಡ್ಜ್ ಸಾಮ್ಯೋರು ಒಬ್ರೇ ಪಂಜರದ ತಾವ ನಿಂತಿದ್ರು. ನಾವು ಗೋದಾಮಿನ ಒರ್ಗಡೆ ಉಣಸೇಮರದ ಕೆಳ್ಗೇ ಮಲ್ಗಿದ್ವಲ್ಲ, ನಾನು ಕಂಡು ಒಳೀಕೋದೆ. ಎಲ್ಲಾ ಏಳ್ಬುಟ್ಟೆ. 'ಅಂಗಾದ್ರೆ ತಪ್ಪು ನಿಮ್ ಮನೇದೇ ಕಣಮ್ಮ, ನಿನ್ ಗಂಡನ್ನ ಸಂಘದಿಂದ್ಲೇ ತೆಗೀಬೇಕಾಯ್ತದೆ' ಅಂದ್ರು. ಅವ್ರಿಗೆ ಏನೂ ಗೊತ್ತಿಲ್ಲ ಸಾಮಿ ಅಂತ ಕೈ ಇಡ್ಕೊಂಡೆ. ಕೊಡವಿದ್ರು. ನಂಗೇನಾಯ್ತೋ, ತಳ್ಳಿಬುಟ್ಟೆ. ಇಂದಕ್ಕೆ ಬಿದ್ರು. ಪಂಜರದ ಕಬ್ಣದ ಕಾಲು ತಲೆ ಇಂದ್ಗಡೆಗೆ ತಗುಲ್ತು."

ಭಾನುಮತಿ ಡಾಕ್ಟರು ಹೇಳಿದ ಎರಡು ಏಟುಗಳನ್ನು ನೆನೆದಳು.

"ಎಷ್ಟು ಸಲ ತಳ್ಳಿದೆ?"

"ಒಂದೇ ಕಿತ. ಮಂಜುನಾಥನ ಆಣೆ ಕಣಕ್ಕ. ಅವ್ರು ಎದ್ದು ಕೂತ್ಕಂಡ್ರು. ನೀರು ಕೊಡು ಅಂದ್ರು. ನಾನು ಎದ್ರಿ ಓಡ್ದೆ."

ತಲೆಯ ಹಿಂದಿನ ಏಟಿಗೆ ಲೆಕ್ಕ ಸಿಕ್ಕಿತು. ಬಲಗಿವಿಯ ಮೇಲಿನದ್ದು ಉಳಿಯಿತು. ಭಾನುಮತಿ ಮೆಲ್ಲಗೆ ಅವಳೆದುರು ಕುಕ್ಕರುಗಾಲಲ್ಲಿ ಕೂತಳು.

"ಚೊಂಬು ನಿಂದೇ ಅಲ್ವಾ?"

ಅಂಜನಮ್ಮ ಹೌದೆಂದು ತಲೆಯಾಡಿಸಿದಳು.

"ನೀನು ಓಡಿಬಂದೆ. ಮತ್ತೆ ಚೊಂಬು ಒಳಗೆ ಹೋದದ್ದು ಹೇಗೆ?"

ಅಂಜನಮ್ಮ ಹುಂಜವನ್ನು ಎದೆಗೆ ಒತ್ತಿಕೊಂಡಳು.

"ನಮ್ಮೋರ್ನ ಎಬ್ಬರ್ಸಿ ನಾನೇ ಕೈಗೆ ಕೊಟ್ಟೆ. 'ಸಾಮ್ಯೋರು ಜಾರಿ ಬಿದ್ದವ್ರೆ, ನೀರು ಕುಡ್ಸಿ ಬಾ' ಅಂದೆ. ಓದ್ರು. ಬರೋವಾಗ ಕೈಲಿ ಚೊಂಬಿರ್ಲಿಲ್ಲ. ಏನಾಯ್ತು ಅಂದ್ರೆ ಮಾತಾಡ್ಲಿಲ್ಲ. ಅವ್ರು ಒಡಿಯೋರಲ್ಲ ಕಣಕ್ಕ, ಇರುವೆ ತುಳಿಯೋರಲ್ಲ! ಆದ್ರೆ ಇದನ್ನ ನಾನೆಂಗೆ ಏಳ್ಲಿ? ಏಳಿದ್ರೆ ನನ್ ಕೈಯಾರೆ ನೇಣಿಗೆ ಆಕ್ದಂಗಲ್ವಾ?"

ಪಟ್ಟಾಭಿರಾಮ ಮೊರ ಎತ್ತಿಕೊಂಡು ಮತ್ತೆ ಕಾಳು ಹಾಕತೊಡಗಿದರು. "ನೋಡಿದಿರಾ ಮೇಡಂ," ಎಂದರು, "ಹುಂಜ ತಗೊಂಡು ಹೋಗಿ. ಅದರಿಂದ ನಿಮ್ಮ ಮುನಿಯಪ್ಪ ಏನೂ ಬಿಡುಗಡೆ ಆಗಲ್ಲ."

ಭಾನುಮತಿ ಅವರ ಕಡೆ ನೋಡಲೂ ಇಲ್ಲ. ಸೀರೆಯ ಮಣ್ಣು ಕೊಡವಿ ಎದ್ದಳು.

"ಏಳು ಅಂಜನಮ್ಮ. ಹುಂಜನ ಎತ್ಕೋ."

"ಎಲ್ಲಿಗಕ್ಕ?"

"ಠಾಣೆಗೆ. ನೀನು ಹೇಳಿದ್ದನ್ನ ಅಲ್ಲೂ ಹೇಳ್ತೀಯ, ಒಂದಕ್ಷರ ಬಿಡದೆ. ಅವನು ಹೊಡೆದಿಲ್ಲ ಅಂತ ನೀನು ನಂಬಿದ್ರೆ ನಿಜಕ್ಕೆ ಹೆದರಬೇಡ. ನಾನೂ ನಿನ್ನ ಜೊತೆ ನಿಂತಿರ್ತೀನಿ. ಇಲ್ಲಿವರೆಗೆ ಬಂದು ಅರ್ಧಕ್ಕೆ ಬಿಡೋಳಲ್ಲ ನಾನು."

ಅವರು ಗೇಟು ದಾಟುವ ಹೊತ್ತಿಗೆ ಪೊಲೀಸ್ ಜೀಪು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ರಾಮಾಂಜಿನಪ್ಪ ಇಳಿದವರು ಟೋಪಿ ಸರಿಮಾಡಿಕೊಂಡರು. ಅಂಜನಮ್ಮನ ಕಡೆ ಒಮ್ಮೆ ನೋಡಿ ಭಾನುಮತಿಯ ಕಡೆ ತಿರುಗಿದರು.

"ನೀವಿನ್ನು ತೊಂದರೆ ತಗೋಬೇಡಿ ಮೇಡಂ. ಬಾಯಿ ಬೀಗ ಬಿಚ್ಚಿತು. ಮುನಿಯಪ್ಪ ಒಪ್ಕೊಂಡ್ಬಿಟ್ಟ."

ಅಂಜನಮ್ಮನ ತೋಳು ಸಡಿಲವಾಯಿತು. ಹುಂಜ ಕೆಳಗೆ ಹಾರಿ ಅವಳ ಕಾಲ ಬಳಿಯೇ ನಿಂತಿತು.

"ಏನಂತ ಒಪ್ಪಿಕೊಂಡ?" ಭಾನುಮತಿ ಕೇಳಿದಳು.

"ಎರಡೂ ಏಟು ನಂದೇ ಅಂದ. ತಲೆ ಹಿಂದಿನದೂ ನಂದೇ, ಕಿವಿ ಮೇಲಿನದೂ ನಂದೇ. ನನ್ನ ಹೆಂಡ್ತಿ ಆ ಹೊತ್ತಿಗೆ ಮಲಗಿದ್ಲು, ಅವಳನ್ನ ಏನೂ ಕೇಳಬೇಡಿ ಅಂತ ಕೈ ಮುಗಿದ."

ಅಂಜನಮ್ಮ ಜೀಪಿನ ಕಡೆ ನುಗ್ಗಿದಳು. ಭಾನುಮತಿ ಅವಳ ಭುಜ ಹಿಡಿದುಕೊಂಡಳು. ಮುನಿಯಪ್ಪ ಹೇಳಿದ ಎರಡರಲ್ಲಿ ಒಂದು ಸುಳ್ಳು ಎಂದು ಈಗ ಅವಳಿಗೆ ಗೊತ್ತಿತ್ತು. ಕಿವಿ ಮೇಲಿನ ಇನ್ನೊಂದು ನಿಜವೇ ಎಂದು ಹೇಳಬೇಕಾದವನು ಲಾಕಪ್ಪಿನಲ್ಲಿ ಹೆಂಡತಿಗಾಗಿ ಕೈ ಮುಗಿದುಕೊಂಡು ಕೂತಿದ್ದ.